ಘಟಸರ್ಪಕ್ಕೆ ಖಾಕಿ ಕವರು

ನಮ್ಮ ಮಲಗುವ ಕೋಣೆಯ ಕಪಾಟಿನ ಮೇಲೆ, ಚಳಿಗಾಲದ ರಗ್ಗುಗಳ ಪಕ್ಕದಲ್ಲಿ, ಖಾಕಿ ಕಾಗದದ ಒಂದು ಸುರುಳಿ ನಿಂತಿದೆ. ಮನೆಯಲ್ಲಿ ಶಾಲೆಗೆ ಹೋಗುವವರು ಯಾರೂ ಇಲ್ಲ. ಮಗಳು ಪುಣೆಯ ಹಾಸ್ಟೆಲಿನಲ್ಲಿದ್ದಾಳೆ. ನಮ್ಮ ಮನೆಯವರು ನಾಸಿಕದ ಪಕ್ಕದ ಓಝರಿನ ವಿಮಾನ ಕಾರ್ಖಾನೆಯಲ್ಲಿ ಎಂಜಿನಿಯರು, ಅವರಿಗೆ ಪುಸ್ತಕವೆಂದರೆ ಅಲರ್ಜಿ. ಆ ಸುರುಳಿ ನನ್ನದು. ನಲವತ್ತೇಳು ತುಂಬಿದ ನಾನು, ಹಿಂಬದಿಯಲ್ಲಿ "ಹದಿಮೂರು ವರ್ಷ ಮೇಲ್ಪಟ್ಟವರಿಗೆ" ಎಂದು ಇಂಗ್ಲಿಷಿನಲ್ಲಿ ಅಚ್ಚಾದ ಪುಸ್ತಕಗಳನ್ನು ಓದುತ್ತೇನೆ. ನಗಬೇಡಿ. ಲೆಕ್ಕಕ್ಕೆ ನಾನೂ ಹದಿಮೂರು ಮೇಲ್ಪಟ್ಟವಳೇ.

ಚಟ ಹತ್ತಿದ್ದು ಮಗಳು ಹಾಸ್ಟೆಲಿಗೆ ಹೋದ ವರ್ಷ. ಅವಳು ಬಿಟ್ಟುಹೋದ ಎರಡು ಕಪಾಟು ಪುಸ್ತಕಗಳ ದೂಳು ಒರೆಸುತ್ತ ಒಂದನ್ನು ಸುಮ್ಮನೆ ತೆರೆದೆ. ಕುಕ್ಕರು ಎಷ್ಟು ಸೀಟಿ ಹೊಡೆಯಿತೋ ತಿಳಿಯಲಿಲ್ಲ, ಬೇಳೆ ತಳ ಹಿಡಿದ ವಾಸನೆ ಬಂದಾಗ ನಾನು ಒಂದು ಹಿಮದ ಕೋಟೆಯೊಳಗಿದ್ದೆ. ಆ ಕಪಾಟು ಮುಗಿದ ಮೇಲೆ ಕಾರ್ಖಾನೆಯ ಟೌನ್‌ಶಿಪ್ಪಿನ ಲೈಬ್ರರಿಗೆ ಹೋಗಿ ಮಕ್ಕಳ ವಿಭಾಗದಲ್ಲಿ ಮಂಡಿಯೂರಿ ಹುಡುಕತೊಡಗಿದೆ. ಲೈಬ್ರರಿಯವರು ಚಷ್ಮಾದ ಮೇಲಿಂದ ನೋಡಿ, "ಮುಲೀಸಾಠೀ ಕಾ?" ಎಂದು ಕೇಳಿದರು. ಮರಾಠಿಯಲ್ಲಿ ಮುಲಗಿ ಅಂದರೆ ಮಗಳೂ ಹೌದು, ಹುಡುಗಿಯೂ ಹೌದು. ಮಗಳಿಗಾ ಎಂದು ಅವರು ಕೇಳಿದ್ದು, ಹೌದೆಂದೆ. ಕಾನ್ವೆಂಟಿನಲ್ಲಿ ಹನ್ನೆರಡು ವರ್ಷ ಓದಿದವಳು ಅಷ್ಟು ಸಲೀಸಾಗಿ ಸುಳ್ಳು ಹೇಳಿದ್ದು ನೋಡಿ ನನಗೇ ಗಾಬರಿಯಾಯಿತು.

ಮಗಳಿಗೂ ಗೊತ್ತಾಗಿ ಫೋನಿನಲ್ಲಿ ಕಿರುಚಿದಳು. "ಮಮ್ಮೀ, ತೂ ಅಜೂನ್ ತೇಚ್ ವಾಚ್ತೇಸ್? ಅದು ನಾ ನೈನ್ತ್‌ನಾಗ ಬಿಟ್ಟಿದ್ದು!" ನೀನಿನ್ನೂ ಅದನ್ನೇ ಓದುತ್ತೀಯಾ ಎಂದು ಮೊದಲಿನ ಮರಾಠಿ. ಅವಳ ಕನ್ನಡ ಇಷ್ಟೇ. ತಿಳಿಯುವುದೆಲ್ಲ ತಿಳಿಯುತ್ತದೆ, ಬೈಯಲು ಮಾತ್ರ ಮರಾಠಿ ಬೇಕು.

ಈ ಕಥೆಗಳಲ್ಲಿ ಏನಿದೆ ಎಂದು ನೀವು ಕೇಳಬಹುದು. ಮೊದಲ ಹಾಳೆಯಲ್ಲಿ ಒಂದು ನಕಾಶೆ ಇರುತ್ತದೆ. ಹದಿನಾರರ ಒಬ್ಬ ಹುಡುಗಿ ಮೂರು ವಾರ ಕುದುರೆಯ ಮೇಲೆ ಹೋಗುತ್ತಾಳೆ. ಬರೇ ರೊಟ್ಟಿ, ಚೀಸು ತಿನ್ನುತ್ತಾಳೆ. ತಲೆಗೆ ನೀರು ಹಾಕಿಕೊಂಡದ್ದು ಯಾವ ಪುಟದಲ್ಲೂ ಕಾಣುವುದಿಲ್ಲ, ಆದರೂ ಕೂದಲು ಗಾಳಿಗೆ ಹಾರುತ್ತದೆ. ನಾಳೆ ಡಬ್ಬಿಗೆ ಏನು ಎಂದು ಅವಳನ್ನು ಯಾರೂ ಕೇಳುವುದಿಲ್ಲ. ಇನ್ನೊಂದು ಗಮನಿಸಿದ್ದೇನೆ, ಯಾವ ಹುಡುಗಿಗೂ ತಾಯಿ ಇರುವುದಿಲ್ಲ. ಬರೆಯುವವರು ತಾಯಿಯನ್ನು ಮೊದಲ ಅಧ್ಯಾಯಕ್ಕೆ ಮುಂಚೆಯೇ ಮುಗಿಸಿರುತ್ತಾರೆ. ಸರಿಯೇ, ತಾಯಿ ಇದ್ದರೆ ಅಂಥ ದಾರಿಗೆ ಮಗಳನ್ನು ಬಿಡುತ್ತಾಳೆಯೆ?

ಖಾಕಿ ಕವರು ಬಂದದ್ದು ಬಸ್ಸಿನ ಕಾರಣಕ್ಕೆ. ಹೋದ ವರ್ಷ ಏಳು ತಿಂಗಳು ನಾನು ಪ್ರತಿ ಗುರುವಾರ ನಾಸಿಕದಿಂದ ಸಂಭಾಜಿನಗರಕ್ಕೆ ಹೋಗಿ ಶುಕ್ರವಾರ ವಾಪಸು ಬರುತ್ತಿದ್ದೆ. ಯೇವಲಾ ದಾಟಿ, ವೈಜಾಪುರ ದಾಟಿ, ಐದು ತಾಸಿನ ದಾರಿ. ಬೆಂಕಿ ಉಗುಳುವ ಡ್ರ್ಯಾಗನ್ ಚಿತ್ರದ ಪುಸ್ತಕ ಹಿಡಿದು ಕೂತ, ಒಂಬತ್ತು ಗಜದ ನೌವಾರಿ ಸೀರೆ ಉಡುವ ವಯಸ್ಸಿನ ಹೆಂಗಸನ್ನು ಜನ ಹೇಗೆ ನೋಡುತ್ತಾರೆಂದು ನಿಮಗೆ ಗೊತ್ತು. ಕವರು ಹಾಕಿದೆ. ಮುಂದಿನ ವಾರವೇ ಪಕ್ಕದ ಸೀಟಿನಾಕೆ, "ಕಾಕೂ, ಪೋಥೀ ವಾಚತಾಯ್ ಕಾ?" ಎಂದು ಭಕ್ತಿಯಿಂದ ಕೇಳಿದಳು. ದೇವರ ಪುಸ್ತಕ ಪಾರಾಯಣ ಮಾಡುತ್ತಿದ್ದೇನೆಂದು ಅವಳು ತಿಳಿದದ್ದು. ನಾನು ಬಾಯಿ ತೆರೆಯುವುದರೊಳಗೆ ಚಪ್ಪಲಿ ಬಿಚ್ಚಿ ಸೀಟಿನ ಕೆಳಗೆ ತಳ್ಳಿ ಕೈ ಮುಗಿದಳು. ನಾನು ತಲೆ ತಗ್ಗಿಸಿ, ರಾಜಕುಮಾರ ಕೋಟೆಯ ಗೋಡೆ ಹತ್ತುವ ಭಾಗವನ್ನು ಓದಿಕೊಂಡೆ.

ಸಂಭಾಜಿನಗರದಲ್ಲಿ ನನ್ನ ಅಕ್ಕ ಇದ್ದಳು, ಗಿರಿಜಕ್ಕ.

ಅಕ್ಕನಿಗೂ ನನಗೂ ಹನ್ನೆರಡು ವರ್ಷದ ಅಂತರ. ನಾನು ಹುಟ್ಟಿದ ಮೇಲೆ ಅವ್ವ ಹಾಸಿಗೆ ಹಿಡಿದಳು, ಏಳಲು ಎರಡು ವರ್ಷ ಬೇಕಾಯಿತು. ಅಕ್ಕ ಆಗ ಹುಬ್ಬಳ್ಳಿಯ ಕನ್ನಡ ಶಾಲೆಯಲ್ಲಿ ಏಳನೇ ಇಯತ್ತೆ ಮುಗಿಸಿದ್ದಳು. ಎಂಟನೆಯ ಪುಸ್ತಕಗಳನ್ನು ಪಕ್ಕದ ಮನೆಯವರಿಂದ ಕೇಳಿ ತಂದು ಇಟ್ಟುಕೊಂಡಿದ್ದಳಂತೆ. ಜೂನ್ ಬಂತು, ತೊಟ್ಟಿಲು ತೂಗುವವರು ಬೇಕಾಗಿತ್ತು, ಪುಸ್ತಕಗಳು ವಾಪಸು ಹೋದವು. ಇದನ್ನು ಯಾರೂ ನನಗೆ ಕೂರಿಸಿ ಹೇಳಲಿಲ್ಲ. ಮದುವೆಮನೆಯಲ್ಲಿ, ತಿಥಿಯೂಟದಲ್ಲಿ, ತುಣುಕು ತುಣುಕಾಗಿ ಕಿವಿಗೆ ಬಿದ್ದದ್ದು.

ನಾನು ಕಾನ್ವೆಂಟಿಗೆ ಹೋಗುವ ಹೊತ್ತಿಗೆ ಅಪ್ಪನಿಗೆ ಬಡ್ತಿಯಾಗಿತ್ತು. ನನ್ನ ಪುಸ್ತಕಗಳಿಗೆ ಕವರು ಹಾಕುವುದು ಅಕ್ಕನ ಕೆಲಸ. ಖಾಕಿ ಕಾಗದ ಹಾಸಿ, ಬೆರಳಿನ ಉಗುರಿನಿಂದ ಗೀರು ಎಳೆದು, ನಾಲ್ಕೂ ಮೂಲೆಯಲ್ಲಿ ಒಳಗಡೆ ಇನ್ನೊಂದು ಸಣ್ಣ ಮಡಿಕೆ ಮಾಡುತ್ತಿದ್ದಳು. "ಕಿವಿ ಮಡಚಿದ್ರ ಮೂಲಿ ಹರಿಯಂಗಿಲ್ಲ" ಎನ್ನುತ್ತಿದ್ದಳು. ಲೇಬಲ್ ಅಂಟಿಸಲು ಅನ್ನದ ಅಗುಳು. ಹೆಸರು ಮಾತ್ರ ನಾನು ಇಂಗ್ಲಿಷಿನಲ್ಲಿ ಬರೆಯಬೇಕು, ಅವಳು ಪಕ್ಕದಲ್ಲಿ ಕೂತು ನೋಡುವಳು. ಆಮೇಲೆ ರೊಟ್ಟಿ ಬಡಿಯುತ್ತ, "ಏನೈತಿ ಇದರಾಗ? ಹೇಳು" ಎನ್ನುವಳು.

ನಾನು ಹೇಳುತ್ತಿದ್ದೆ. ಇಂಗ್ಲಿಷ್ ಪಾಠದ ಕಥೆಯನ್ನು ನನಗೆ ತಿಳಿದಷ್ಟು ಕನ್ನಡದಲ್ಲಿ. ತಿಳಿಯದ ಜಾಗ ಬಂದರೆ "ಆಮ್ಯಾಲೆ ಎಲ್ಲಾರೂ ಸುಖದಾಗಿದ್ರು" ಎಂದು ಮುಗಿಸಿಬಿಡುತ್ತಿದ್ದೆ. ಅಕ್ಕ ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು ಪುಸ್ತಕ ತಿರುವುವಳು. ಇಂಗ್ಲಿಷ್ ಅಕ್ಷರ ಬರುವುದಿಲ್ಲ, ಹಾಳೆ ಎಣಿಸಲು ಬರುತ್ತದಲ್ಲ.

"ಇನ್ನ ನಾಕ ಹಾಳಿ ಅದಾವ. ಸುಖದಾಗಿದ್ದವರು ನಾಕ ಹಾಳಿ ಏನ ಮಾಡತಾರ ಸುಧೀ?"

ಮದುವೆಯಾಗಿ ಅವಳು ಈ ಕಡೆ, ಮಹಾರಾಷ್ಟ್ರಕ್ಕೆ ಬಂದಳು. ಭಾವ ಸಿಲ್ಲೋಡಿನ ಹತ್ತಿ ಜಿನ್ನಿಂಗ್ ಕಾರ್ಖಾನೆಯಲ್ಲಿದ್ದರು, ಆಮೇಲೆ ಮನೆ ಸಂಭಾಜಿನಗರಕ್ಕೆ ಬಂತು. ಅಕ್ಕ ಮರಾಠಿ ಓದಲು ಬರೆಯಲು ತಾನೇ ಕಲಿತು ಓಣಿಯ ಅಂಗನವಾಡಿಯಲ್ಲಿ ಸಹಾಯಕಿಯಾಗಿ ಸೇರಿದಳು. ಇಪ್ಪತ್ತು ಚಿಲ್ಲರೆ ವರ್ಷ ಅಲ್ಲಿಯೇ. ಕೂಸುಗಳಿಗೆ ಖಿಚಡಿ ಮಾಡುವುದು, ಮೂಗು ಒರೆಸುವುದು, ಇಂಜೆಕ್ಷನ್ನಿನ ದಿನ ಮನೆಮನೆಗೆ ಹೋಗಿ ತಾಯಂದಿರನ್ನು ಕರೆತರುವುದು. ದೊಡ್ಡ ದನಿ ಅವಳದು. ಓಣಿಯ ಈ ತುದಿಯಲ್ಲಿ ಕೂಗಿದರೆ ಆ ತುದಿಯ ಕೂಸು ಅಳುತ್ತಿತ್ತು ಎಂದು ಭಾವ ಚೇಷ್ಟೆ ಮಾಡುತ್ತಿದ್ದರು.

ರೋಗ ಬಂದದ್ದು ಆ ದನಿಗೇ, ಗಂಟಲಿಗೆ. ಆಪರೇಷನ್ ಆಯಿತು, ರೇಡಿಯೇಷನ್ನಿನ ಕರೆಂಟು ಕೊಟ್ಟರು, ಕುತ್ತಿಗೆಯಲ್ಲಿ ಒಂದು ನಳಿಗೆ, ಮೂಗಿನಲ್ಲಿ ಇನ್ನೊಂದು. ಮನೆಗೆ ಬಂದ ಮೇಲೆ ಮಾತಿಗೆ ಅಂಗನವಾಡಿಯ ಒಂದು ಪಾಟಿ ತರಿಸಿಕೊಂಡಳು. ಕಟ್ಟಿಗೆಯ ಚೌಕಟ್ಟಿನ ಮೇಲೆ ಯಾವುದೋ ಕೂಸಿನ ಹಲ್ಲಿನ ಗುರುತುಗಳಿದ್ದವು. ಅಕ್ಕ ಬರೆಯುತ್ತಿದ್ದಳು, ನಾವು ಓದುತ್ತಿದ್ದೆವು, ಅವಳು ಒದ್ದೆ ಅರಿವೆಯಿಂದ ಒರೆಸುತ್ತಿದ್ದಳು. ಹಾಸಿಗೆಯ ಮೇಲೆಲ್ಲ ಬಳಪದ ಪುಡಿ.

ನಾನು ಹೋಗಿಬರತೊಡಗಿದ ಎರಡನೆಯ ತಿಂಗಳಲ್ಲಿ ಭಾವ ನನ್ನನ್ನು ಮೆಟ್ಟಿಲಿಗೆ ಕರೆದರು.

"ತಿರುಗಿ ಬಂದೈತಂತ ಸುಧಾ. ಈ ಸಲ ಏನೂ ಮಾಡಾಕ ಬರಂಗಿಲ್ಲ ಅಂದ್ರು ಡಾಕ್ಟರು. ಆಕೀ ಮುಂದ ಏನೂ ಅನಬ್ಯಾಡ ಮತ್ತ. ಸೋಂಕು ಅಂತ ಹೇಳೀನಿ."

"ಹೇಳಂಗಿಲ್ರಿ ಭಾವ" ಎಂದೆ.

ಒಳಗೆ ಬಂದು ಸ್ಟೂಲಿನ ಮೇಲೆ ಕೂತೆ. ಮುಖ ಅಡಗಿಸಲು ಚೀಲದಿಂದ ಪುಸ್ತಕ ತೆಗೆದೆ. ಅಕ್ಕ ಪಾಟಿ ಕುಟ್ಟಿ ತೋರಿಸಿದಳು: "ಏನ ಓದಾಕತ್ತಿ?"

ನಾಚಿಕೆಯಾಯಿತು. "ಹುಡುಗೋರ ಪುಸ್ತಕ ಅಕ್ಕ. ಎಲ್ಲಾ ಸುಳ್ಳ ಕತಿ."

ಅವಳು ಒರೆಸಿ ಒಂದೇ ಶಬ್ದ ಬರೆದಳು: "ಹೇಳು."

ಒಂದು ಊರು, ಸುತ್ತ ಗುಡ್ಡ. ಹೊರಗೆ ಹೋಗಿಬರಲು ಒಂದೇ ಕಣಿವೆ. ಆ ಕಣಿವೆಯೊಳಗೆ ಒಂದು ದಿನ ಡ್ರ್ಯಾಗನ್ ಬಂದು ಕೂತಿದೆ. ಕಾಳುಕಡಿ ಒಳಗೆ ಬರುವಂತಿಲ್ಲ, ಸುದ್ದಿ ಹೊರಗೆ ಹೋಗುವಂತಿಲ್ಲ. ತಾಯಿಯಿಲ್ಲದ ಹದಿನಾರರ ಹುಡುಗಿಯೊಬ್ಬಳು ಹೊರಡುತ್ತಾಳೆ. ಇಷ್ಟು ಹೇಳಬೇಕಾಗಿತ್ತು. ಡ್ರ್ಯಾಗನ್ ಅಂದರೆ ಅಕ್ಕನಿಗೆ ತಿಳಿಯಲಿಕ್ಕಿಲ್ಲ ಎಂದು ನಾನೇ ತೀರ್ಮಾನಿಸಿಬಿಟ್ಟೆ. ದಿನವಿಡೀ ಕೂಸುಗಳ ಜೊತೆ ಕಾರ್ಟೂನು ನೋಡಿದವಳಿಗೆ! ಕಾನ್ವೆಂಟಿನ ಜಂಬ ಎಲ್ಲಿ ಹೋಗುತ್ತದೆ? ಕನ್ನಡದಲ್ಲಿ ತಕ್ಕ ಶಬ್ದ ಹುಡುಕಿ, ಸಿಕ್ಕಿದ್ದಕ್ಕೆ ಹೆಮ್ಮೆಪಟ್ಟು ಹೇಳಿದೆ. "ಕಣಿವಿ ಗಂಟಲದಾಗ ಒಂದು ಘಟಸರ್ಪ ಬಂದ ಕುಂತೈತಿ ಅಕ್ಕ."

ಅಕ್ಕ ದಿಂಬಿನಿಂದ ತಲೆ ಎತ್ತಿದಳು. ಎದ್ದು ಕೂರಲು ಕೈ ಚಾಚಿದಳು. ನಾನು ಬೆನ್ನಿಗೆ ಇನ್ನೊಂದು ದಿಂಬು ಕೊಟ್ಟೆ. ಕಥೆ ಹಿಡಿಯಿತು ಎಂದು ಖುಷಿಯಾಯಿತು ನನಗೆ.

ಆಮೇಲಿನ ಗುರುವಾರಗಳು ಹಾಗೆಯೇ ಹೋದವು. ಮೂಗಿನ ನಳಿಗೆಗೆ ತೆಳ್ಳಗಿನ ಅಂಬಲಿ ಹಾಕುವುದು, ಅದು ಇಳಿಯುವುದನ್ನು ಇಬ್ಬರೂ ನೋಡುವುದು, ನಂತರ ಕಥೆ. ಅಕ್ಕನ ಪ್ರಶ್ನೆಗಳು ಮಾತ್ರ ನನಗೆ ವಿಚಿತ್ರವೆನಿಸುತ್ತಿದ್ದವು. ಕುದುರೆ, ರಾಜಕುಮಾರ, ಉಂಗುರ ಯಾವುದೂ ಬೇಡ. "ಘಟಸರ್ಪ ಬೆಳ್ಯಾಕತ್ತೈತೇನು?" "ಊರ ಮಂದಿಗೆ ಗೊತ್ತೈತಿ, ಹುಡಿಗಿಗೆ ಯಾಕ ಹೇಳವಲ್ಲರು?" ಎರಡನೆಯ ಪ್ರಶ್ನೆಗೆ ನಾನು ಪುಟ ತಿರುವಿ ನೋಡಿ, "ಅಂಜತಾಳ ಅಂತ ಹೇಳಿಲ್ಲಕ್ಕ" ಎಂದೆ. ಅಕ್ಕ ಪಾಟಿ ಒರೆಸಿ, ಮುಂದೆ ಓದು ಎಂದು ಕೈ ಮಾಡಿದಳು. ನನ್ನಂಥ ದಡ್ಡಿ ಇನ್ನೊಬ್ಬಳಿಲ್ಲ.

ಒಂದು ಗುರುವಾರ ಭಾವ ನನ್ನ ಕೈಗೆ ಒಂದು ಬೀಗದ ಕೈ ಕೊಟ್ಟರು. ಅಂಗನವಾಡಿಯ ಕಪಾಟಿನದು, ಅಕ್ಕನ ಕಡೆಯೇ ಉಳಿದಿತ್ತು. ಅದನ್ನು ಮುಟ್ಟಿಸಲು ಓಣಿಯ ತುದಿಗೆ ಹೋದೆ. ಕೂಸುಗಳು ಮಲಗಿದ್ದವು. ಅಲ್ಲಿನ ಸೇವಿಕೆ ವಂದನಾತಾಯಿ ಬಟ್ಟಲು ಜೋಡಿಸುತ್ತಿದ್ದರು. ಎಲ್ಲಿ ಅಕ್ಷರ ಕಂಡರೂ ಓದುವ ಖೋಡಿ ನನಗೆ. ಗೋಡೆಯ ಮೇಲೆ ಒಂದು ರಟ್ಟಿನಲ್ಲಿ, ಯಾವ ತಿಂಗಳಿಗೆ ಕೂಸಿಗೆ ಯಾವ ಲಸಿಕೆ ಎಂದು ದುಂಡಗೆ ಬರೆದಿತ್ತು. ಅಕ್ಕನ ಅಕ್ಷರ. "ಘಟಸರ್ಪ, ಡಾಂಗ್ಯಾ ಖೋಕಲಾ, ಧನುರ್ವಾತ."

ಎರಡನೆಯದು ನಾಯಿಕೆಮ್ಮು, ಮೂರನೆಯದು ಧನುರ್ವಾಯು. ಮೊದಲನೆಯದು?

"ತಾಯೀ, ಘಟಸರ್ಪ ಮ್ಹಣಜೇ ಕಾಯ್?" ಎಂದು ಕೇಳಿದೆ.

ವಂದನಾತಾಯಿ ನಕ್ಕು ತಮ್ಮ ಕುತ್ತಿಗೆಯ ಮೇಲೆ ಎರಡು ಬೆರಳಿಟ್ಟರು. "ಘಶಾಚಾ ಆಜಾರ. ಗಳಾ ಬಂದ ಹೋತೋ." ಗಂಟಲಿನ ರೋಗ. ಗಂಟಲು ಮುಚ್ಚಿಹೋಗುತ್ತದೆ. ನಾವು ಗಂಟಲಮಾರಿ ಎನ್ನುತ್ತೇವಲ್ಲ, ಅದು. ಇಪ್ಪತ್ತೆರಡು ವರ್ಷ ಮಹಾರಾಷ್ಟ್ರದಲ್ಲಿದ್ದೇನೆ, ನನ್ನ ಮಗಳಿಗೆ ಆ ಲಸಿಕೆ ಹಾಕಿಸಿದ್ದೇನೆ. ಟೌನ್‌ಶಿಪ್ಪಿನ ಕಾರ್ಡಿನಲ್ಲಿ ಮೂರು ಇಂಗ್ಲಿಷ್ ಅಕ್ಷರಗಳಿದ್ದವು, ಅಷ್ಟೇ ಓದಿದ್ದೆ. ಅಕ್ಕ ಆ ಶಬ್ದವನ್ನು ಇಪ್ಪತ್ತು ವರ್ಷ ಮನೆಮನೆಯ ಬಾಗಿಲಲ್ಲಿ ಕೂಗಿದ್ದಳು.

ಕನ್ನಡದ ಹಾವೂ ಅವಳಿಗೆ ಗೊತ್ತು, ಮರಾಠಿಯ ರೋಗವೂ ಗೊತ್ತು. ಎರಡೂ ಒಟ್ಟಿಗೇ ಕೇಳಿಸಿರಬೇಕು. ಬೆಳೆಯುತ್ತಿದೆಯೇ ಎಂದು ಕೇಳಿದ್ದಳು. ಹುಡುಗಿಗೆ ಯಾಕೆ ಹೇಳುತ್ತಿಲ್ಲ ಎಂದು ಕೇಳಿದ್ದಳು. ಮೆಟ್ಟಿಲ ಮೇಲೆ ಭಾವನಿಗೆ ಮಾತು ಕೊಟ್ಟು ಬಂದು ಐದೇ ನಿಮಿಷದಲ್ಲಿ, ಅದು ಬಂದು ಗಂಟಲಲ್ಲಿ ಕೂತಿದೆ ಎಂದು ನಾನೇ ಹೇಳಿದ್ದೆ.

ಆ ಹೊತ್ತಿಗೆ ಪುಸ್ತಕದ ಕೊನೆ ನನಗೆ ಗೊತ್ತಿತ್ತು. ಕೊನೆಯ ಹಾಳೆ ಮೊದಲು ನೋಡುವ ಕೆಟ್ಟ ಅಭ್ಯಾಸ ನನ್ನದು, ಸಿಸ್ಟರ್ ಒಬ್ಬರು ಇದೇ ಕಾರಣಕ್ಕೆ ನನ್ನನ್ನು ಲೈಬ್ರರಿ ಪೀರಿಯಡ್ಡಿನಲ್ಲಿ ಎದ್ದು ನಿಲ್ಲಿಸಿದ್ದರು. ಆ ಕಥೆಯಲ್ಲಿ ಘಟಸರ್ಪ ಸಾಯುವುದಿಲ್ಲ. ಮನೆಗೆ ಬಂದರೆ ಅಕ್ಕ ಬರೆದಿಟ್ಟು ಕಾಯುತ್ತಿದ್ದಳು: "ಕಡೀಕ ಘಟಸರ್ಪ ಸಾಯತೈತಿಲ್ಲೊ?"

ನಾನು ಪುಸ್ತಕ ತೆರೆದು, ಅಚ್ಚಾದ ಸಾಲುಗಳ ಮೇಲೆ ಕಣ್ಣಾಡಿಸುತ್ತ, ಅಲ್ಲಿಲ್ಲದ್ದನ್ನು ಓದತೊಡಗಿದೆ. ಹುಡುಗಿ ಕತ್ತಿ ಎತ್ತಿದಳು. ಕುತ್ತಿಗೆಯ ಕೆಳಗೆ ಮೆತ್ತಗಿನ ಜಾಗವಿತ್ತು, ಅಲ್ಲಿ ಚುಚ್ಚಿದಳು. ಘಟಸರ್ಪ ಬಿತ್ತು. ಕಣಿವೆ ತೆರೆಯಿತು, ಗಾಡಿಗಳು ಬಂದವು. ನನ್ನ ದನಿ ಚೆನ್ನಾಗಿಯೇ ಇತ್ತು. ಭಾವ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು, ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡು ಹೊರಗೆ ಹೋದರು.

ಅಕ್ಕ ಕೈ ಚಾಚಿ ಪುಸ್ತಕ ತೆಗೆದುಕೊಂಡಳು. ನನ್ನ ಬೆರಳಿದ್ದ ಜಾಗದಲ್ಲಿ ತನ್ನ ಬೆರಳಿಟ್ಟು, ಉಳಿದ ಹಾಳೆಗಳನ್ನು ಹೆಬ್ಬೆರಳಿನಿಂದ ಸರ್‍ರನೆ ಬಿಟ್ಟು ನೋಡಿದಳು. ಬೆರಳಿನಷ್ಟು ದಪ್ಪ ಇನ್ನೂ ಇತ್ತು. ಪಾಟಿ ಎಳೆದುಕೊಂಡಳು.

"ಸುಖದಾಗಿದ್ದವರು ಇಷ್ಟ ಹಾಳಿ ಏನ ಮಾಡತಾರ?"

"ಅದು... ಮದವಿ ಅಕ್ಕ. ಮದವಿ, ಊಟ, ಮೆರವಣಿಗಿ..." ಎಂದೆ.

ಅಕ್ಕ ನಕ್ಕಳು. ದನಿಯಿಲ್ಲದ ನಗು, ಹೆಗಲು ಕುಣಿಯಿತು, ಕುತ್ತಿಗೆಯ ನಳಿಗೆಯಿಂದ ಸುಯ್ ಸುಯ್ ಎಂದು ಗಾಳಿ ಬಂತು. ಕಣ್ಣಲ್ಲಿ ನೀರು ಬರುವಷ್ಟು ನಕ್ಕು ಬರೆದಳು: "ಸುಳ್ಳಬುರಕಿ." ಒರೆಸಿದಳು. "ನನಗ ಗೊತ್ತೈತಿ. ಖರೇದ್ದು ಓದು." ಮತ್ತೆ ಒರೆಸಿ, ಬಾಗಿಲ ಕಡೆ ನೋಡಿ, ಸಣ್ಣ ಅಕ್ಷರದಲ್ಲಿ: "ನಿಮ್ಮ ಭಾವಗ ಹೇಳಬ್ಯಾಡ, ನನಗ ಗೊತ್ತೈತಿ ಅಂತ. ಅವರಿಗೆ ತಡಕೊಳ್ಳಾಕ ಆಗಂಗಿಲ್ಲ." ಇದನ್ನು ಎರಡು ಸಲ ಒರೆಸಿದಳು, ಗುರುತು ಉಳಿಯದ ಹಾಗೆ.

ಖರೇದ್ದು ಓದಿದೆ. ಅದಕ್ಕೆ ಮೂರು ಗುರುವಾರ ಹಿಡಿಯಿತು, ಅಕ್ಕ ನಡುನಡುವೆ ನಿದ್ದೆಹೋಗುತ್ತಿದ್ದಳು. ಎದ್ದರೆ ಪಾಟಿಯ ಚೌಕಟ್ಟು ಕುಟ್ಟುವಳು, ಎಲ್ಲಿ ಬಿಟ್ಟೆವೋ ಅಲ್ಲಿಂದಲೇ ಆಗಬೇಕು. ಕತ್ತಿ ಎತ್ತಿದ ಹುಡುಗಿ ಅದನ್ನು ಕೆಳಗಿಡುತ್ತಾಳೆ. ಆ ಘಟಸರ್ಪ ಊರಿಗಿಂತ ಹಳೆಯದು, ಅದನ್ನು ಕೊಲ್ಲುವುದು ಯಾರಿಂದಲೂ ಆಗದು ಎಂದು ತಿಳಿದ ಮೇಲೆ ಅವಳು ಅದರ ಎದುರಿಗೇ ಕಲ್ಲಿನ ಮೇಲೆ ಕೂತು ಮಾತಾಡತೊಡಗುತ್ತಾಳೆ. ಅದು ಅವಳ ಮಾತು ಕೇಳುತ್ತ ಇರುವಷ್ಟು ಹೊತ್ತು ಊರಿನ ಕೂಸುಗಳು ಒಂದೊಂದಾಗಿ ಕಣಿವೆ ದಾಟಿ ಹೋಗುತ್ತವೆ. ಪುಸ್ತಕ ಮುಗಿದಾಗಲೂ ಅವಳು ಅಲ್ಲಿಯೇ ಕೂತಿದ್ದಾಳೆ.

ಅಕ್ಕ ಯೋಚಿಸಿ ಬರೆದಳು: "ಆ ಹುಡಿಗಿಗೆ ಊಟಾ ಯಾರ ಕೊಡತಾರ?"

ಪುಸ್ತಕದಲ್ಲಿ ಅದಿರಲಿಲ್ಲ. "ಬರದಿಲ್ಲಕ್ಕ" ಎಂದೆ.

ಅಕ್ಕ ತಲೆ ಅಲ್ಲಾಡಿಸಿದಳು, ಬರೆದವರಿಗೆ ಅಷ್ಟೂ ತಿಳಿಯುವುದಿಲ್ಲವೆ ಎನ್ನುವಂತೆ. ಆಮೇಲೆ ಪುಸ್ತಕದ ಮೂಲೆ ತೋರಿಸಿದಳು. ನಾನು ಹಾಕಿದ್ದ ಕವರು ಬಸ್ಸಿನಲ್ಲಿ ತಿಕ್ಕಿ ನಾಲ್ಕೂ ಕಡೆ ಹರಿದಿತ್ತು. "ಕಿವಿ ಮಡಚಿಲ್ಲ" ಎಂದು ಬರೆದಳು. ಮುಂದಿನ ಗುರುವಾರ ಖಾಕಿ ಹಾಳೆ ತರಬೇಕೆಂದು ಅಪ್ಪಣೆಯಾಯಿತು.

ತಂದೆ. ಹಳೆಯ ಕವರು ಬಿಚ್ಚಿದಾಗ ಮುಖಪುಟದ ಚಿತ್ರ ಕಂಡಿತು. ಅಕ್ಕ ಕಣ್ಣರಳಿಸಿ ಬೆರಳಿಟ್ಟು ತೋರಿಸಿದಳು, ಪಾಟಿಯ ತುಂಬ ಬರೆದಳು: "ಇದಕ್ಕ ರೆಕ್ಕಿ ಅದಾವ! ನೀ ಹೇಳಿಲ್ಲ!" ಹೌದು, ಹೇಳಿರಲಿಲ್ಲ. ನಮ್ಮ ಘಟಸರ್ಪ ಐದು ತಿಂಗಳು ರೆಕ್ಕೆಯಿಲ್ಲದೆ ಹರಿದಾಡಿತ್ತು. ಅಕ್ಕ ಹೊಸ ಹಾಳೆ ಹಾಸಿಕೊಂಡಳು. ಒಂದೊಂದು ಮಡಿಕೆಗೂ ನಿಂತು ಉಸಿರು ತೆಗೆದುಕೊಂಡಳು, ನಾನು ಹಿಡಿಯಲು ಹೋದರೆ ಕೈ ತಳ್ಳಿದಳು. ಉಗುರಿನಿಂದ ಗೀರು ಎಳೆದು ನಾಲ್ಕೂ ಕಿವಿ ಮಡಚಿದಳು. ನನಗೆ ಅಂಬಲಿ ಬಿಸಿಮಾಡಿ ತಾ ಎಂದು ಸನ್ನೆಮಾಡಿ ಒಳಗೆ ಕಳಿಸಿದಳು. ತಿರುಗಿ ಬಂದಾಗ ಪುಸ್ತಕ ನನ್ನ ಚೀಲದೊಳಗೆ ಹೋಗಿತ್ತು, ಅವಳಿಗೆ ನಿದ್ದೆ ಹತ್ತಿತ್ತು.

ಮುಂದಿನ ವಾರ ಗುರುವಾರದವರೆಗೆ ಕಾಯಬೇಕಾಗಲಿಲ್ಲ. ಮಂಗಳವಾರ ಬೆಳಿಗ್ಗೆ ಭಾವನ ಫೋನು ಬಂತು. "ಬಂದ ಬಿಡವಾ" ಎಂದರು, ಅಷ್ಟೇ. ನಮ್ಮ ಮನೆಯವರು ಕಾರ್ಖಾನೆಯಿಂದ ರಜೆ ಹಾಕಿ ಹಿಂದೆ ಬರುವುದೆಂದಾಯಿತು, ನಾನು ಸಿಕ್ಕ ಬಸ್ಸು ಹತ್ತಿದೆ. ಯೇವಲಾ ಬರುವವರೆಗೆ ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಕಡೆಗೆ ಅಭ್ಯಾಸಬಲದಿಂದ ಚೀಲಕ್ಕೆ ಕೈ ಹಾಕಿ ಪುಸ್ತಕ ತೆಗೆದೆ.

ಕವರಿನ ಮೇಲೆ ಒಂದು ಲೇಬಲ್ ಇತ್ತು. ಅಂಗನವಾಡಿಯಿಂದ ಬಂದದ್ದಿರಬೇಕು, ಮೂಲೆಯಲ್ಲಿ ಮೊಲದ ಚಿತ್ರ, ಸಾಲುಗಳ ಹೆಸರು ಮರಾಠಿಯಲ್ಲಿ ಅಚ್ಚಾಗಿತ್ತು. ಅಕ್ಕ ಕನ್ನಡದಲ್ಲಿ ತುಂಬಿದ್ದಳು. ನನ್ನ ಎಷ್ಟೋ ಪುಸ್ತಕಗಳಿಗೆ ಕವರು ಹಾಕಿದವಳು, ಒಂದರ ಮೇಲೂ ತನ್ನ ಹೆಸರು ಬರೆದವಳಲ್ಲ. ಹೆಸರು: ಗಿರಿಜಾ. ವಿಷಯ: ಘಟಸರ್ಪ. ಇಯತ್ತೆ: ಎಂಟನೇ.

ಪಕ್ಕದ ಸೀಟಿನಲ್ಲಿ ಸಂತೆಯ ಬುಟ್ಟಿ ಇಟ್ಟುಕೊಂಡ ಒಬ್ಬ ಮುದುಕಿ ಇದ್ದಳು. ಮೊಲದ ಲೇಬಲ್ ನೋಡಿ, ಆಮೇಲೆ ನನ್ನ ಮುಖ ನೋಡಿ, ಏನಾದರೂ ಮಾತಾಡಿಸಬೇಕೆಂದು ಕೇಳಿದಳು. "ಮುಲೀಚಂ ಪುಸ್ತಕ ಕಾ, ಬಾಯೀ?"

ಹೌದು, ಹುಡುಗಿಯದೇ ಎಂದೆ. ಎಂಟನೆಯಲ್ಲಿದ್ದಾಳೆ ಎಂದೆ.